ಲೆಕ್ಕದ ಮೇಡಮ್ಮನ ನೆಗ್ಗಿಲು

ಮೊನ್ನೆ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕಿ ಬರುವಾಗ ಎಡಗಾಲಿನ ಚಪ್ಪಲಿ ಟಕ್ ಟಕ್ ಎನ್ನತೊಡಗಿತು. ಮೆಟ್ಟಿಲ ಮೇಲೆ ಕೂತು ಚಪ್ಪಲಿ ತಿರುಗಿಸಿ ನೋಡಿದೆ. ಒಂದು ನೆಗ್ಗಿಲು ಮುಳ್ಳು ಒಳಗೆ ಇಳಿದು ಕೂತಿತ್ತು. ನ್ಯಾಮತಿಯ ನಮ್ಮ ಓಣಿಗೆ ಕಾಂಕ್ರೀಟ್ ಬಿದ್ದ ಮೇಲೆ ನಾನು ನೆಗ್ಗಿಲು ಕಂಡಿದ್ದೇ ಇಲ್ಲ. ಹೇರ್‌ಪಿನ್ನಿನಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡೆ. ಬಿಸಾಡಲು ಕೈ ಬರಲಿಲ್ಲ... ಈ ಮುಳ್ಳನ್ನು ಬೆಳ್ಳಿ ಕಾಲುಂಗುರದಷ್ಟು ಜೋಪಾನವಾಗಿ ಎತ್ತಿಡುತ್ತಿದ್ದ ಒಬ್ಬರು ನಮ್ಮ ಮನೆಯ ಮಹಡಿಯಲ್ಲಿ ಇದ್ದರು.

ಅವರು ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಓಣಿಗೆಲ್ಲ ಲೆಕ್ಕದ ಮೇಡಂ, ನಮ್ಮ ಅತ್ತೆಯ ಬಾಯಲ್ಲಿ ಮೇಡಮ್ಮ. ಜಗಳೂರು ಕಡೆಯವರು. ಮದುವೆ ಆಗಿರಲಿಲ್ಲ, ವಯಸ್ಸು ನನಗಿಂತ ಐದಾರು ವರ್ಷ ಹೆಚ್ಚು. ಬಾಡಿಗೆಗೆ ಬಂದ ದಿನ ಅವರ ಸಾಮಾನು ಇಳಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಮಂಚ, ಒಂದು ಕುಕ್ಕರು, ಪುಸ್ತಕದ ರಟ್ಟಿನ ಪೆಟ್ಟಿಗೆಗಳು. ಕೊನೆಗೆ ಗಾಡಿಯಿಂದ ಮಣ್ಣಿನ ಕುಂಡಗಳು ಇಳಿಯತೊಡಗಿದಾಗ ಅತ್ತೆಗೆ ಖುಷಿಯಾಯಿತು.

"ಏನ್ ಹೂವು ಹಾಕ್ತೀರವ್ವಾ? ಸೇವಂತಿಗೀನಾ?"

"ನೆಗ್ಗಿಲು ಅಮ್ಮಾ."

ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಆಮೇಲೆ ಒಂದು ವಾರ ಓಣಿಯಲ್ಲಿ ಅದೇ ಮಾತು. "ಮಂದಿ ಕಾಲಿಗೆ ಚುಚ್ಚಿದ್ ಮುಳ್ಳು ಕಿತ್ ಒಗೀತಾರೆ, ಈಕಿ ನೀರು ಹಾಕಿ ಸಾಕ್ತಾಳೆ. ಮನೆ ಕೊಟ್ಟಿದ್ದು ಕೊಟ್ಟಾತು, ಏನ್ಮಾಡಾಕೆ ಬರ್ತೈತೆ?" ಎಂದು ಅತ್ತೆ ಎದುರುಮನೆಯವರ ಹತ್ತಿರ ನಗುತ್ತಿದ್ದರು.

ಮೇಡಂ ಡಾಕ್ಟರೇಟ್ ಮಾಡಲು ಹೊರಟು ಆ ಹೊತ್ತಿಗೆ ಕೆಲವು ವರ್ಷವಾಗಿತ್ತು. ನಲವತ್ತು ದಾಟಿದ ಮೇಲೆ, ಕೆಲಸದ ಜೊತೆಗೇ. ಅವರ ಪ್ರಬಂಧದ ವಿಷಯವನ್ನು ನಾನು ಸಂಜೆ ಹೂ ಕಟ್ಟುತ್ತಾ ಸ್ವಲ್ಪ ಸ್ವಲ್ಪವೇ ಕೇಳಿ ತಿಳಿದುಕೊಂಡಿದ್ದು. ಗಿಡಗಳಾಗಲಿ ಪ್ರಾಣಿಗಳಾಗಲಿ, ಒಂದು ಸಂತತಿ ಕಾಲ ಬದಲಾದಂತೆ ತಾನೂ ಹೇಗೆ ಬದಲಾಗುತ್ತದೆ, ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಸಮೀಕರಣ ಹಾಕಿ ಹೇಳುವುದು. ಸಮೀಕರಣವೆಲ್ಲ ಕಾಗದದ ಮೇಲೆ ಆಗಿಹೋಗಿತ್ತು. ಒಂದು ಅಂಕಿ ಮಾತ್ರ ಕಾಗದದಲ್ಲಿ ಹುಟ್ಟುವಂಥದ್ದಲ್ಲ, ಮಣ್ಣಿನಿಂದಲೇ ಬರಬೇಕಿತ್ತು.

ನೆಗ್ಗಿಲ ಒಂದು ಕಾಯಿ ಒಣಗಿ ಒಡೆದರೆ ಐದು ಹೋಳಾಗುತ್ತದೆ. ಒಂದೊಂದು ಹೋಳಿನೊಳಗೂ ಗೋಡೆ ಕಟ್ಟಿದ ಸಣ್ಣ ಕೋಣೆಗಳು, ಕೋಣೆಗೊಂದು ಬೀಜ. ಮೇಡಂ ಬ್ಲೇಡಿನಿಂದ ಸೀಳಿ ತೋರಿಸಿದ್ದರು. "ಒಂದೇ ತಾಯಿ ಮಕ್ಕಳು ತಂಗಿ. ಆದ್ರೆ ಮೊದಲನೇ ಮಳಿಗೆ ಒಂದೇ ಏಳ್ತೈತೆ. ಉಳಿದವು ಮಲಗಿರ್ತಾವೆ. ಮುಂದಿನ ವರ್ಷ, ಇಲ್ಲ ಅದರಾಚೆ ವರ್ಷ ಏಳ್ತಾವೆ." ಜಗಳೂರು ಕಡೆ ಮಳೆ ನೆಚ್ಚಿಕೊಳ್ಳುವಂತಿಲ್ಲ, ಇಲ್ಲಿ ನ್ಯಾಮತಿ ಕಡೆ ಅದಕ್ಕಿಂತ ವಾಸಿ. ಹಾಗಾದರೆ ಅಲ್ಲಿಯ ಬೀಜ ಹೆಚ್ಚು ಮಲಗುತ್ತವೆಯೇ? ಇಲ್ಲಿಯ ಮಳೆಯೂ ಮುಂದೆ ಕೈಕೊಡಲು ಶುರು ಮಾಡಿದರೆ, ಇಲ್ಲಿಯ ಗಿಡಗಳು ಮಲಗುವುದನ್ನು ಕಲಿಯುವಷ್ಟು ಬಂಡವಾಳ ಅವುಗಳೊಳಗೆ ಇದೆಯೇ? ಇದು ಅವರ ಪ್ರಶ್ನೆ.

ಕುಂಡಗಳಲ್ಲಿ ಅರ್ಧಕ್ಕೆ ಕೆಂಪು ಬಣ್ಣದ ಗೆರೆ, ಅರ್ಧಕ್ಕೆ ನೀಲಿ. ಕೆಂಪು ಜಗಳೂರಿನ ಮುಳ್ಳು, ನೀಲಿ ನಮ್ಮೂರಿನದು. ಮೊದಲ ಮುಂಗಾರಿಗೆ ಎದ್ದ ಸಸಿಗಳನ್ನು ಅವರು ಎಣಿಸಿ ಬರೆದುಕೊಂಡರು. ಎರಡನೆಯ ಮುಂಗಾರಿಗೆ ಎಷ್ಟು ಏಳುತ್ತವೆ ಎಂದು ನೋಡಿಬಿಟ್ಟರೆ ಕೆಲಸ ಮುಗಿಯಿತು. ವಿಶ್ವವಿದ್ಯಾಲಯ ಕೊಟ್ಟ ಅವಧಿಯೂ ಆ ವರ್ಷಕ್ಕೇ ಮುಗಿಯುತ್ತಿತ್ತು.

ಎರಡು ಮಳೆಯ ನಡುವೆ ಯುಗಾದಿ ಬಂತು. ಮೇಡಂ ಹಬ್ಬಕ್ಕೆ ಊರಿಗೆ ಹೋಗಿದ್ದರು. ನಾನು ತವರಿಗೆ, ಸಂತೇಬೆನ್ನೂರಿಗೆ ಹೋಗಿದ್ದೆ. ಮೊದಲ ವರ್ಷದ ಸಸಿಗಳು ಒಣಗಿ ಹೋಗಿದ್ದವು. ತಾರಸಿ ಮೇಲೆ ಸಾಲಾಗಿ ಬರಿ ಮಣ್ಣಿನ ಕುಂಡಗಳು. ವರ್ಷದ ಮೊದಲ ದಿನ ಮನೆಯ ಮೇಲೆ ಖಾಲಿ ಕುಂಡ ಕಾಣಬಾರದು ಎಂಬುದು ಅತ್ತೆಯ ಲೆಕ್ಕ. ಅವರಿಗೆ ಮೇಡಮ್ಮನ ಮೇಲೆ ಅಷ್ಟರಲ್ಲಿ ಪ್ರೀತಿಯೂ ಹುಟ್ಟಿತ್ತು. ಪಾಪ, ಹೆಣ್ಣುಮಗಳು ಒಬ್ಬಳೇ ಇರುತ್ತಾಳೆ, ಬಂದಾಗ ಹೂ ಕಾಣಲಿ ಎಂದು ಕುಂಡಗಳ ಮಣ್ಣನ್ನೆಲ್ಲ ಬಕೆಟ್ಟಿನಲ್ಲಿ ಇಳಿಸಿ ಹಿತ್ತಲಿನ ತಗ್ಗಿಗೆ ಸುರಿದರು. ಕುಂಡ ತೊಳೆದು, ಕೆಮ್ಮಣ್ಣು ಬಳಿದು, ಹೊಸ ಗೊಬ್ಬರದ ಮಣ್ಣು ತುಂಬಿ ಸೇವಂತಿಗೆ ಸಸಿ ನೆಟ್ಟರು. ಕೆಂಪು ಗೆರೆ, ನೀಲಿ ಗೆರೆ ಎರಡೂ ಕೆಮ್ಮಣ್ಣಿನಡಿ ಹೋದವು.

ನಾನು ಊರಿಂದ ಬಂದ ಸಂಜೆಯೇ ಮೇಡಮ್ಮನೂ ಬಂದರು. ಅತ್ತೆ ಅವರ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದರು. ನಾನು ಹಿಂದೆಯೇ ಇದ್ದೆ. ಮೇಡಂ ಒಂದು ಕುಂಡದ ಮೇಲೆ, ಗೆರೆ ಇದ್ದ ಕಡೆ, ಬೆರಳಾಡಿಸಿದರು. ಆಮೇಲೆ, "ಚಂದ ಕಾಣ್ತಾವೆ ಅಮ್ಮಾ" ಎಂದರು. "ಹಳೇ ಮಣ್ಣು ಎಲ್ಲಿ ಹಾಕಿದ್ರಿ?"

ತಗ್ಗಿನ ಹತ್ತಿರ ಹೋಗಿ ನಿಂತು ನೋಡಿದರು. ಎಲ್ಲಾ ಒಂದೇ ಗುಡ್ಡೆ. ಮುಳ್ಳಿನ ಮೈಮೇಲೆ ಊರಿನ ಹೆಸರು ಬರೆದಿರುವುದಿಲ್ಲವಲ್ಲ. ಯಾವುದು ಜಗಳೂರಿನದು, ಯಾವುದು ನ್ಯಾಮತಿಯದು ಎಂದು ಇನ್ನು ಹೇಳುವವರಿಲ್ಲ. ನಾನೇ ರಾತ್ರಿ ಊಟದ ಹೊತ್ತಿಗೆ ಅತ್ತೆಗೆ ಬಿಡಿಸಿ ಹೇಳಿದೆ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದರು. "ಹಬ್ಬದ ದಿನ ಆಕಿ ಓದಿಗೆ ಮಣ್ಣು ಹಾಕಿದ್ನಲ್ಲೇ..."

ಮಾರನೆಯ ದಿನವೂ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಮೇಡಂ ಒಂದು ತಟ್ಟೆ ತುಂಬ ಹುಣಸೆ ಬೀಜ ಹಿಡಿದುಕೊಂಡು ಕೆಳಗೆ ಬಂದು ಅತ್ತೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು.

"ಆಟ ಆಡೋಣ ಬರ್ರಿ ಅಮ್ಮಾ. ನೀವು ಅವಸರದ ಗಿಡ, ನಾನು ನಿಧಾನದ ಗಿಡ. ಇಬ್ಬರಿಗೂ ನಾಕ್ ನಾಕ್ ಬೀಜ. ನೀವು ಎಲ್ಲಾನೂ ಏಳಿಸ್ರಿ. ನಾನು ಅರ್ಧ ಏಳಿಸ್ತೀನಿ, ಅರ್ಧ ಮಲಗಿಸ್ತೀನಿ. ಒಳ್ಳೇ ವರ್ಷ ಆದ್ರೆ ಎದ್ದದ್ದು ಒಂದಕ್ಕೆ ನಾಕು. ಕೆಟ್ಟ ವರ್ಷ ಆದ್ರೆ ಎದ್ದದ್ದೆಲ್ಲಾ ಹೋತು."

ವರ್ಷ ಒಳ್ಳೆಯದೋ ಕೆಟ್ಟದ್ದೋ ಎನ್ನಲು ಒಂದು ನಾಣ್ಯ. ಅತ್ತೆ ಒಲ್ಲದ ಮನಸ್ಸಿನಿಂದ ಚಿಮ್ಮಿದರು. ಒಳ್ಳೆಯ ವರ್ಷ ಬಿತ್ತು. ಅತ್ತೆಯ ನಾಲ್ಕು ಹದಿನಾರಾದವು. ಮೇಡಮ್ಮನದು ಎದ್ದ ಎರಡಕ್ಕೆ ಎಂಟು, ಮಲಗಿದ್ದು ಎರಡು, ಒಟ್ಟು ಹತ್ತು.

"ಸೋತ್ಯವ್ವಾ ನೀನು" ಎಂದು ಅತ್ತೆ ಆ ಎರಡು ದಿನದಲ್ಲಿ ಮೊದಲ ಸಲ ನಕ್ಕರು.

ಮತ್ತೆ ಚಿಮ್ಮಿದರು. ಕೆಟ್ಟ ವರ್ಷ. ಮೇಡಂ ಅತ್ತೆಯ ಮುಂದಿದ್ದ ಹದಿನಾರನ್ನೂ ಬಾಚಿ ತಟ್ಟೆಗೆ ಹಾಕಿದರು. ತಮ್ಮ ಹತ್ತರಲ್ಲಿ ಎದ್ದ ಐದನ್ನು ಹಾಕಿದರು. ಅವರ ಮುಂದೆ ಐದು ಉಳಿದವು. ಅತ್ತೆಯ ಮುಂದೆ ನೆಲ.

"ಇನ್ನೊಂದು ಸಲ ಚಿಮ್ಮಲಾ?"

"ಚಿಮ್ರಿ. ಎಂಥಾ ಒಳ್ಳೇ ವರ್ಷ ಬಂದ್ರೂ ಇನ್ನು ನಿಮ್ಮತ್ರ ಏಳಾಕೆ ಏನೈತೆ?" ಮೇಡಂ ನಿಧಾನವಾಗಿ ಹೇಳಿದರು. "ಸರಾಸರಿ ತೆಗೆದ್ರೆ ನೀವೇ ಗೆಲ್ತೀರಿ ಅಮ್ಮಾ. ಆದ್ರೆ ಸರಾಸರಿ ತೆಗೆಯೋವಾಗ ನಾವು ಕೂಡ್ತೀವಿ. ಕಾಲ ಕೂಡಲ್ಲ, ಗುಣಿಸ್ತೈತೆ. ಕೂಡೋ ಲೆಕ್ಕದಾಗೆ ಸೊನ್ನೆ ಬಂದ್ರೆ ನಷ್ಟ ಇಲ್ಲ. ಗುಣಿಸೋ ಲೆಕ್ಕದಾಗೆ ಒಂದು ಸೊನ್ನೆ ಬಂದ್ರೆ ಹಿಂದಿಂದೆಲ್ಲಾ ಹೋತು."

ಶಾಲೆಯಲ್ಲಿ ಗುಣಾಕಾರ ಕಲಿತಿದ್ದೆ. ಅದರಲ್ಲಿ ಇಷ್ಟು ಇದೆ ಎಂದು ನನಗೆ ತಿಳಿದದ್ದು ಆ ಸಂಜೆ, ಹುಣಸೆ ಬೀಜದ ತಟ್ಟೆಯ ಮುಂದೆ.

ಅತ್ತೆ ಬೀಜಗಳನ್ನೇ ನೋಡುತ್ತಾ ಕೇಳಿದರು. "ಈಗ ನಿನ್ನ ಪರೀಕ್ಷೆ ಗತಿ ಏನವ್ವಾ?"

ಮಾರ್ಗದರ್ಶಕರು ಫೋನಿನಲ್ಲಿ ಒಂದು ದಾರಿ ಹೇಳಿದ್ದರಂತೆ. ಮೊದಲ ವರ್ಷದ ಎಣಿಕೆ ಇದೆ, ಎರಡನೆಯದಕ್ಕೆ ಒಂದು ಅಂದಾಜು ಕೊಟ್ಟು ಪ್ರಬಂಧ ಸಲ್ಲಿಸಿಬಿಡಿ, ಸಮೀಕರಣ ಹೇಗೂ ಸರಿಯಿದೆ ಎಂದು. ಸಲ್ಲಿಸದಿದ್ದರೆ ಅವಧಿ ಮುಗಿದು ಅಷ್ಟು ವರ್ಷದ ಕೆಲಸವೇ ಬಿದ್ದುಹೋಗಬಹುದು. ಅವಧಿ ಹೆಚ್ಚಿಸಿ ಎಂದು ಕೇಳಬಹುದು, ಕೊಡುತ್ತಾರೆಂಬ ಖಾತ್ರಿಯಿಲ್ಲ.

"ಹಾಕಿಬಿಡವ್ವಾ ಅಂದಾಜು. ನಿನ್ ಕುಂಡ ಯಾರು ಬಂದು ಎಣಿಸ್ತಾರೆ?"

"ನಾನು ಎಣಿಸ್ತೀನಲ್ಲಮ್ಮಾ."

ಇಷ್ಟು ವರ್ಷವಾದರೂ ಆ ಮಾತು ಹೇಳಿದ ಅವರ ದನಿ ನನ್ನ ಕಿವಿಯಲ್ಲಿದೆ. ಅದರಲ್ಲಿ ಜೋರಿರಲಿಲ್ಲ. ಹಾಲು ಉಕ್ಕುತ್ತಿದೆ, ಇಳಿಸ್ತೀನಿ ಎಂದಷ್ಟೇ ಸಹಜವಾಗಿ ಹೇಳಿದ್ದರು.

ಅವರು ಅವಧಿ ಕೇಳಿದರು. ಉತ್ತರ ಬರುವವರೆಗೆ ಕಾಯಲಿಲ್ಲ, ಮುಂಗಾರಿನೊಳಗೆ ಹೊಸದಾಗಿ ಮುಳ್ಳು ಕೂಡಿಸಬೇಕಿತ್ತು. ಅದಕ್ಕೆ ಅವರದೇ ಒಂದು ಪದ್ಧತಿ. ದಪ್ಪ ಅಟ್ಟೆಯ ಹವಾಯಿ ಚಪ್ಪಲಿ ಹಾಕಿಕೊಂಡು ಬಯಲಲ್ಲಿ, ಗಾಡಿ ದಾರಿಯಲ್ಲಿ ಸುಮ್ಮನೆ ಅಡ್ಡಾಡುವುದು. ಆಮೇಲೆ ಕೂತು ಚಪ್ಪಲಿಯಿಂದ ಒಂದೊಂದೇ ಮುಳ್ಳು ಕಿತ್ತು ಡಬ್ಬಿಗೆ ಹಾಕುವುದು. ಕೈಯಿಂದ ಆರಿಸಿದರೆ ಕಣ್ಣು ದಪ್ಪ ಮುಳ್ಳನ್ನೇ ಆರಿಸುತ್ತದೆ, ಚಪ್ಪಲಿಗೆ ಪಕ್ಷಪಾತವಿಲ್ಲ ಎನ್ನುತ್ತಿದ್ದರು. ಈ ಸಲ ಅತ್ತೆಯೂ ಹೊರಟುನಿಂತರು. "ಕೆಡಿಸಿದೋಳು ನಾನು, ನಾನೂ ಬರ್ತೀನಿ." ನನ್ನ ಗಂಡನ ಹಳೆಯ ಚಪ್ಪಲಿ ಮೆಟ್ಟಿ, ಸೀರೆ ಎತ್ತಿ ಸಿಕ್ಕಿಸಿ, ನಮ್ಮತ್ತೆ ಜಗಳೂರಿನ ಬಯಲಲ್ಲಿ ಮುಳ್ಳು ತುಳಿಯುತ್ತಾ ನಡೆದದ್ದನ್ನು ಮೇಡಂ ಬಂದು ಅಭಿನಯಿಸಿ ತೋರಿಸಿದಾಗ ನಾನು ನಕ್ಕು ನಕ್ಕು ಒಲೆ ಮೇಲಿನ ಪಲ್ಯ ಸೀಯಿಸಿದೆ. ದನ ಕಾಯುವವರೊಬ್ಬರು ಕೇಳಿದರಂತೆ, "ಏನ್ ಕಳಕೊಂಡೀರಿ ಅಜ್ಜಿ?" "ಎರಡನೇ ಮಳಿ ಕಳಕೊಂಡೀವಪ್ಪಾ" ಎಂದರಂತೆ ಅತ್ತೆ.

ಅತ್ತೆ ಸೇವಂತಿಗೆಯನ್ನು ಕಿತ್ತು ಹಿತ್ತಲಿಗೆ ನೆಟ್ಟರು, ಮೇಡಂ ಕುಂಡಗಳಿಗೆ ಮತ್ತೆ ಕೆಂಪು ನೀಲಿ ಗೆರೆ ಎಳೆದು ಮುಳ್ಳು ಹೂತರು. ಮಳೆ ಶುರುವಾಗಿ ಸಸಿ ಏಳುವ ಹೊತ್ತಿಗೆ ಅವಧಿ ಸಿಕ್ಕಿತು, ಇದೇ ಕೊನೆ ಎಂಬ ಮಾತಿನ ಮೇಲೆ. ಮೊದಲ ಎಣಿಕೆ ಆಯಿತು. ಸಸಿ ಒಣಗಿದವು. ಮತ್ತೆ ಬರಿ ಮಣ್ಣು, ಮತ್ತೆ ಯುಗಾದಿ. ಆ ವರ್ಷ ಅತ್ತೆ ಯಾರನ್ನೂ ತಾರಸಿ ಹತ್ತಲು ಬಿಡಲಿಲ್ಲ. ತಾವೇ ಬೆಳಿಗ್ಗೆ ಮಡಿಯುಟ್ಟು ಮೇಲೆ ಹೋಗಿ ಒಂದೊಂದು ಕುಂಡಕ್ಕೂ ಅರಿಸಿನ ಕುಂಕುಮ ಇಟ್ಟು ಬೇವಿನ ಎಸಳು ಸಿಕ್ಕಿಸಿದರು. ಎದುರುಮನೆಯವರು ಕೆಳಗಿನಿಂದ, "ಖಾಲಿ ಕುಂಡಕ್ಕೆ ಪೂಜೆನೇನ್ರೀ?" ಎಂದು ನಕ್ಕರು.

"ಖಾಲಿ ಅಲ್ರೀ ಅವು. ಮಲಗ್ಯಾವೆ" ಎಂದರು ಅತ್ತೆ.

ಎರಡನೆಯ ಮುಂಗಾರಿಗೆ ಅವು ಎದ್ದವು. ಕೆಂಪು ಗೆರೆಯ ಕುಂಡಗಳಲ್ಲಿ ತುಂಬ. ಜಗಳೂರಿನ ಬೀಜ ನಿಜಕ್ಕೂ ಹೆಚ್ಚು ಮಲಗಿದ್ದವು. ನೀಲಿ ಗೆರೆಯವುಗಳಲ್ಲಿ ಬಹಳ ದಿನ ಏನೂ ಕಾಣಲಿಲ್ಲ. ಮೇಡಮ್ಮನ ಮುಖ ಸಣ್ಣದಾಗಿತ್ತು. ಮಲಗುವವು ಒಂದೂ ಇಲ್ಲದಿದ್ದರೆ ಕಾಲ ಆರಿಸಿಕೊಳ್ಳುವುದಾದರೂ ಯಾವುದನ್ನು? ಒಂದು ಬೆಳಿಗ್ಗೆ ಅತ್ತೆ ಮೇಲಿನಿಂದಲೇ ಕೂಗಿದರು. ನಾವಿಬ್ಬರೂ ಓಡಿದೆವು. ನೀಲಿ ಕುಂಡಗಳಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಸಸಿ. ಸ್ವಲ್ಪವೇ, ಆದರೆ ಇದ್ದವು. ಮೇಡಂ ಅಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟರು. "ಸಾಕು ಅಮ್ಮಾ. ಇಷ್ಟಿದ್ರೆ ಸಾಕು. ಮಳಿ ಕೈಕೊಟ್ಟಂಗೆಲ್ಲಾ ಇವುಗಳ ಮಕ್ಕಳೇ ಹೆಚ್ಚಾಗ್ತಾವೆ."

ಅವರ ಕೊನೆಯ ಮೌಖಿಕ ಪರೀಕ್ಷೆಗೆ ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ನಾನೂ ಅತ್ತೆಯೂ ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಿ ವಿಶ್ವವಿದ್ಯಾಲಯಕ್ಕೆ ಹೋದೆವು, ಬುತ್ತಿ ಕಟ್ಟಿಕೊಂಡು. ದೊಡ್ಡ ಸಭಾಂಗಣ, ಹಿಂದಿನ ಸಾಲಿನಲ್ಲಿ ನಾವಿಬ್ಬರು. ಹೆಚ್ಚಿನ ಮಾತು ಇಂಗ್ಲಿಷಿನಲ್ಲಿ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು ಒಂದು ಹಂತದಲ್ಲಿ ಕನ್ನಡಕ್ಕೆ ಇಳಿದು, ಸರಾಸರಿಯಲ್ಲಿ ಎಲ್ಲ ಬೀಜ ಏಳುವುದೇ ಲಾಭವಲ್ಲವೇ ಎಂದರು. ಮೇಡಂ ಬೋರ್ಡಿನ ಮೇಲೆ ನಾಲ್ಕು, ಹದಿನಾರು, ಸೊನ್ನೆ ಎಂದು ಬರೆದರು. ಅತ್ತೆ ನನ್ನ ಪಕ್ಕೆಗೆ ತಿವಿದರು. "ಇದು ನನಗ್ ಮೊದ್ಲೇ ಹೇಳ್ಕೊಟ್ಟಿದ್ದೇ ಐತಲ್ಲೇ." ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಹಿಂದಿನ ಸಾಲಿನ ಕಡೆಗೆ ನೋಡಿ ಕೈ ಮುಗಿದರು. ನನ್ನ ಸ್ವಂತದ್ದೆಂದು ಹೇಳಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ಆದರೂ ಆ ದಿನ ಬಸ್ಸಿನಲ್ಲಿ ಬರುವಾಗ ನಾನು ಕಿಟಕಿ ಪಕ್ಕ ಎಷ್ಟು ನೆಟ್ಟಗೆ ಕೂತಿದ್ದೆನೆಂದರೆ, ಅತ್ತೆ "ಸೊಂಟ ಹಿಡದೈತೇನೇ?" ಎಂದು ಕೇಳಿದರು.

ಮುಂದೆ ಅವರಿಗೆ ಜಗಳೂರಿಗೇ ವರ್ಗವಾಯಿತು. ಕುಂಡಗಳನ್ನು ಅತ್ತೆಗೆ ಕೊಟ್ಟು ಹೋದರು. ಅತ್ತೆ ಅವುಗಳಲ್ಲಿ ಸೇವಂತಿಗೆ ಬೆಳೆದರು, ಆದರೆ ಒಂದನ್ನು ಮಾತ್ರ ಬರಿ ಮಣ್ಣಿನದಾಗಿಯೇ ಬಿಟ್ಟಿದ್ದರು. ಯಾಕೆಂದು ನಾನು ಕೇಳಲಿಲ್ಲ. ಅತ್ತೆ ತೀರಿಕೊಂಡಾಗ ಮೇಡಂ ಬಂದು ಇಡೀ ದಿನ ಇದ್ದು ಹೋದರು. ಆಮೇಲೆ ಫೋನು ಆಗಾಗ, ಆಮೇಲೆ ಅಪರೂಪಕ್ಕೆ... ಹೋದ ವರ್ಷ ಅವರ ತಂಗಿ ಫೋನು ಮಾಡಿ, ಅಕ್ಕನಿಗೆ ಕಾಯಿಲೆಯಾಗಿತ್ತು, ಯಾರಿಗೂ ಹೇಳಬೇಡ ಎಂದಿದ್ದರು, ಹೋಗಿಬಿಟ್ಟರು ಎಂದಾಗ ನಾನು ಅಕ್ಕಿ ಆರಿಸುತ್ತಿದ್ದೆ.

ಮೊನ್ನೆ ಆ ಮುಳ್ಳು ಅಂಗೈಯಲ್ಲಿ ಹಿಡಿದು ಮತ್ತೆ ಹಿತ್ತಲಿಗೆ ಹೋದೆ. ಎಲ್ಲಿಂದ ಬಂತು ಎಂದು ಹುಡುಕಲು ಕಷ್ಟವಾಗಲಿಲ್ಲ. ಅತ್ತೆ ಮಣ್ಣು ಸುರಿದಿದ್ದ ಆ ತಗ್ಗನ್ನು ಮುಂದೆ ಸಮ ಮಾಡಿ ಅದರ ಮೇಲೆ ಬಟ್ಟೆ ಒಗೆಯುವ ಕಲ್ಲು ಹಾಸಿಸಿದ್ದೆವು. ವಾಷಿಂಗ್ ಮಷಿನ್ ಬಂದ ಮೇಲೆ ಕಲ್ಲು ಸುಮ್ಮನೆ ಬಿದ್ದಿತ್ತು. ಈ ಬೇಸಿಗೆಯಲ್ಲಿ ಪೈಪು ಹಾಕಿಸುವಾಗ ಅದನ್ನು ತೆಗೆಸಿ ಮಣ್ಣು ಕೆದಕಿಸಿದ್ದೆ. ಕಲ್ಲು ಇದ್ದ ಜಾಗದಲ್ಲಿ, ಚೌಕಾಕಾರದ ಮಣ್ಣಿನ ಮೇಲೆ, ನೆಗ್ಗಿಲು ಹಬ್ಬಿಕೊಂಡಿತ್ತು. ಸಣ್ಣ ಹಳದಿ ಹೂವು, ಅದರ ಪಕ್ಕದಲ್ಲೇ ಎಳೆ ಮುಳ್ಳಿನ ಕಾಯಿ.

ಜಗಳೂರಿನದೋ ನ್ಯಾಮತಿಯದೋ ಹೇಳಲು ನನಗೆ ಬಾರದು. ಹೇಳಬಲ್ಲವರು ಈಗಿಲ್ಲ. ಕೈಯಲ್ಲಿದ್ದ ಮುಳ್ಳನ್ನು ಬುಡದ ಹತ್ತಿರ ಹಾಕಿ ಮೇಲೆ ಒಂದು ಹಿಡಿ ಮಣ್ಣು ಎಳೆದೆ. ಕಸ ತೆಗೆಯಲು ಬರುವವಳು ಪೊರಕೆ ಹಿಡಿದು ಹಿಂದೆ ಬಂದು ನಿಂತಿದ್ದಳು.

"ಮುಳ್ಳು ಐತಲ್ಲಕ್ಕಾ, ಕೀಳಲಾ?"

"ಬ್ಯಾಡವ್ವಾ" ಎಂದೆ. "ಅದು ನಮ್ಮ ಮೇಡಮ್ಮಂದು."