ತೋರಿಸಲು ಒಂದು ಫೈಲು

“ಟೀಸಿ ಆಮ್ಯಾಲ ಕೊಡ್ರಿ ಟೀಚರ್, ಮೊದಲು ಅಕಿ ಫೈಲ್ ಕೊಡ್ರಿ,” ಎಂದರು ರೇಣುಕಾಳ ತಾಯಿ. ಅವರು ಯಾದಗಿರಿ ಕಡೆಯವರು. ಬೆಂಗಳೂರಿನ ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸ ಮುಗಿದು, ಮರುದಿನವೇ ಬೇರೆ ಊರಿನ ಕಟ್ಟಡಕ್ಕೆ ಹೊರಟಿದ್ದರು.

ಅವರು ಕೇಳಿದ್ದು ಕೃತಿ ಸಂಪುಟ, ಮಗುವಿನ ಓದು ಬರಹದ ಹಾಳೆಗಳನ್ನು ವರ್ಷವಿಡೀ ಸೇರಿಸಿಡುವ ಫೈಲು. ಇಲಾಖೆಯವರು ನೋಡಲು ಬರುವುದರಿಂದ ಅದು ಶಾಲೆಯ ಬೀರುವಿನಲ್ಲೇ ಇರಬೇಕು. ಹಾಗೆಂದೇ ಹೇಳಿದೆ.

“ಹೋದಲ್ಲೆಲ್ಲ ಒಂದನೇ ಕ್ಲಾಸಿಗೆ ಕೂಡಸ್ತಾರ್ರಿ. ಹತ್ತು ವರ್ಷದಾಕಿ, ಸಣ್ಣ ಹುಡುಗ್ರು ನಗ್ತಾವ. ನೀವೂ ಹಂಗ ಕೂಡಿಸಿದ್ರಿ. ನಂಗ ಓದಾಕ ಬರಂಗಿಲ್ಲ, ತೋರ್ಸಾಕ ಏನರೆ ಬೇಕಲ್ರಿ.” ದನಿಯಲ್ಲಿ ಸಿಟ್ಟಿರಲಿಲ್ಲ.

ನಿಜ. ಜೂನ್‌ನಲ್ಲಿ, ಓದಲು ಬರುತ್ತದೆಯೇ ಎಂದು ಕೇಳದೆ ಅವಳನ್ನು ಚಿಕ್ಕವರ ನಡುವೆ ಕೂರಿಸಿದ್ದೆ. ಎರಡು ವಾರದ ಮೇಲೆ, ಗೋಡೆಗೆ ಅಂಟಿಸಿದ್ದ ಕತೆಯನ್ನು ಅವಳು ತಾನಾಗಿ ಓದುತ್ತಿದ್ದುದು ಕಿವಿಗೆ ಬಿದ್ದಾಗಲೇ ನಾಲ್ಕನೇ ತರಗತಿಗೆ ಕಳಿಸಿದ್ದು. ಆ ಎರಡು ವಾರಗಳ ಬಗ್ಗೆ ಫೈಲಿನಲ್ಲಿ ಏನೂ ಇರಲಿಲ್ಲ.

ಬೀರು ತೆಗೆದೆ. ‘ನಾಲ್ಕನೇ ತರಗತಿಯ ಪಾಠಗಳನ್ನು ತಡವರಿಸದೆ ಓದುತ್ತಾಳೆ. ದಯವಿಟ್ಟು ಓದಿಸಿ ನೋಡಿ’ ಎಂದು ಮೊದಲ ಪುಟದಲ್ಲಿ ಬರೆದು, ಸಹಿ ಹಾಕಿ, ಫೈಲನ್ನು ಅವರ ಕೈಗಿತ್ತೆ. ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಹೊಸ ಶಾಲೆಯಲ್ಲಿ ಅದನ್ನು ಯಾರಾದರೂ ತೆರೆದರೋ ಇಲ್ಲವೋ ನನಗೆ ತಿಳಿಯದು. ಹೊರಗಿನಿಂದ ಬಂದ ಮಗುವಿನ ಹೆಸರನ್ನು ಈಗ ನಾನು ಮೊದಲು ಕೇಳುತ್ತೇನೆ, ಆಮೇಲೆ ಓದಲು ಪುಸ್ತಕ ಕೊಡುತ್ತೇನೆ. ಎಲ್ಲಿ ಕೂರಬೇಕೆಂಬ ಮಾತು ಕೊನೆಗೆ.