ಹಳ್ಳ ದಾಟುವ ಜೀಪು ಹುಡುಕಿಕೊಂಡು

ಇಟ್ಟಿಗಿಯಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಮೊದಲ ಬಸ್ಸನ್ನು ನಾನು ಮತ್ತು ನನ್ನ ಮಾವ ಬಸಪ್ಪನವರು ಹತ್ತಿದೆವು. ಹಳೆಯ ಜೀಪೊಂದನ್ನು ನೋಡಿ ಕೊಳ್ಳುವುದು ನಮ್ಮ ಉದ್ದೇಶ. ಬರೀ ಜೀಪಲ್ಲ, ನಾಲ್ಕೂ ಗಾಲಿಗೆ ಇಂಜಿನ್ನಿನ ಬಲ ಹೋಗುವಂಥ ಜೀಪು.

ನಮ್ಮ ಹೊಲಮನೆ ಇಟ್ಟಿಗಿಯಿಂದ ಒಳಗೆ, ಹಳ್ಳದ ಆಚೆ ದಂಡೆಯಲ್ಲಿದೆ. ಕಪ್ಪು ಎರೆ ಭೂಮಿ. ಬೇಸಿಗೆಯಲ್ಲಿ ಸೈಕಲ್ ಕೂಡ ಹೋಗುತ್ತದೆ. ನಾಲ್ಕು ಹನಿ ಬಿದ್ದರೆ ಚಪ್ಪಲಿ ನೆಲದಲ್ಲೇ ಉಳಿದು ಕಾಲು ಮಾತ್ರ ಮುಂದೆ ಬರುತ್ತದೆ. ನನ್ನ ಹೆಂಡತಿ ನಾಗವೇಣಿ ಹರಪನಹಳ್ಳಿಯ ಶಾಲೆಯೊಂದರಲ್ಲಿ ಟೀಚರು. ಹಿಂದಿನ ಮಳೆಗಾಲದಲ್ಲಿ ಒಂದು ಸಂಜೆ ಹಳ್ಳ ಬಂದು, ಈಚೆ ದಂಡೆಯಲ್ಲಿ ಅವಳು, ಆಚೆ ದಂಡೆಯಲ್ಲಿ ನಾನು ನಿಂತು ಗಂಟಲು ಹರಿಯುವಂತೆ ಸಂಸಾರದ ಮಾತನಾಡಿದೆವು. ಕೊನೆಗೆ ಅವಳು ಇಟ್ಟಿಗಿಯ ಗೆಳತಿಯ ಮನೆಯಲ್ಲಿ ಮಲಗಿದಳು. ಅಂಥ ಸಂಜೆಗಳು ಆ ವರ್ಷ ಹಲವು ಬಂದವು. ಈ ಬೇಸಿಗೆ ಮುಗಿಯುವಾಗ ಅವಳು ಹೇಳಿದಳು: "ಮಳಿ ಹಿಡಿಯೂದ್ರೊಳಗ ಹಳ್ಳ ದಾಟೋ ಗಾಡಿ ಬಂದ್ರ ಇಲ್ಲಿ ಇರ್ತೀನಿ. ಇಲ್ಲಾಂದ್ರ ಹರಪನಹಳ್ಳ್ಯಾಗ ಒಂದು ಖೋಲಿ ಹಿಡೀತೀನಿ. ನೀವು ಬೇಕಾದಾಗ ಬಂದು ಹೋಗ್ರಿ." ಸಿಟ್ಟಿನಿಂದ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಮಾವ ನಾಗವೇಣಿಯ ತಂದೆ. ನನ್ನ ತಾಯಿಯ ತಮ್ಮನೂ ಹೌದು. ಆದ್ದರಿಂದ ಒಂದು ಮಾತಿನಲ್ಲಿ ನಾನು ಅಳಿಯಂದಿರು, ಮುಂದಿನ ಮಾತಿನಲ್ಲಿ 'ಲೇ'. ಅವರು ಎತ್ತಿನ ವ್ಯಾಪಾರದಲ್ಲಿ ತಲೆ ಹಣ್ಣು ಮಾಡಿಕೊಂಡವರು. ಎತ್ತಿಗೂ ಜೀಪಿಗೂ ದೊಡ್ಡ ವ್ಯತ್ಯಾಸವಿಲ್ಲವೆಂಬುದು ಅವರ ನಂಬಿಕೆ. ಈ ಪ್ರವಾಸದಿಂದ ಆ ನಂಬಿಕೆಗೆ ಏನೂ ಧಕ್ಕೆಯಾಗಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ವಗ್ಗಾಣಿ, ಮಿರ್ಚಿ ತಿಂದು, ಕೂಡ್ಲಿಗಿಯ ಬಸ್ಸು ಹಿಡಿದೆವು. ಮೋಡವಿತ್ತು, ಗಾಳಿ ಇರಲಿಲ್ಲ. ಕೂಡ್ಲಿಗಿಯಲ್ಲಿ ಶೇಂಗಾ ಮಿಲ್ಲಿನ ಹಿಂದೆ ಒಂದು ಜೀಪಿದೆ ಎಂದು ತಿಳಿದಿತ್ತು. ಹೋಗಿ ನೋಡಿದರೆ ಗಿಳಿಹಸಿರು ಬಣ್ಣ ಹೊಡೆದು, ಇನ್ನೂ ಅಂಟುತ್ತಿತ್ತು. ಬಿಳಿ ಬಟ್ಟೆಯ ದಲ್ಲಾಳಿಯೊಬ್ಬರು ಬಾಗಿಲು ತೆರೆದು ತೋರಿಸಿದರು. ಮಾವ ಒಂದು ಸುತ್ತು ಹಾಕಿದರು, ಹಿಂದೆ ನಿಂತು ಸೊಂಟದ ಅಗಲ ನೋಡಿದರು, ಬಾನೆಟ್ಟಿನ ಮೇಲೆ ಕೈಯಾಡಿಸಿದರು. ಕೈ ಹಸಿರಾಯಿತು.

"ಕಣ್ಣು ಚಲೋ ಅದಾವ," ಎಂದರು. ದೀಪಗಳ ಬಗ್ಗೆ.

ಇಂಥ ಜೀಪಿನಲ್ಲಿ ಎರಡು ಗೇರು ಇರುತ್ತವೆ. ದೊಡ್ಡದು ಎಲ್ಲ ಗಾಡಿಗಳಲ್ಲೂ ಇರುವಂಥದ್ದು. ಸಣ್ಣದನ್ನು ಎಳೆದರೆ ಮುಂದಿನ ಗಾಲಿಗಳಿಗೂ ಬಲ ಹೋಗಬೇಕು. ಎರಡೂ ಇದ್ದವು. ಆದರೂ ನಾನು ಕೆಳಗೆ ತೂರಿ ಅಂಗಾತ ಮಲಗಿದೆ. ಮುಂದಿನ ಗಾಲಿಗಳಿಗೆ ಹೋಗುವ ದಪ್ಪ ಕಬ್ಬಿಣದ ರಾಡು ಇರಬೇಕಾದ ಜಾಗ ಬರಿದಾಗಿತ್ತು.

"ಇಲ್ಲಿ ರಾಡು ಇಲ್ಲಲ್ರಿ?" ಎಂದು ಕೆಳಗಿನಿಂದಲೇ ಕೇಳಿದೆ.

"ಡೀಸಲ್ ಭಾಳ ಕುಡೀತೈತಂತ ಬಿಚ್ಚಿಟ್ಟೀವ್ರಿ," ಎಂದರು ದಲ್ಲಾಳಿ.

"ಎಲ್ಲಿ ಇಟ್ಟೀರಿ?"

ಅವರು ಗೋಡೆಯ ಕಡೆ ಕೈ ತೋರಿಸಿದರು. ರಾಡನ್ನು ನೆಲಕ್ಕೆ ಹುಗಿದು ಅದಕ್ಕೆ ಒಂದು ಎಮ್ಮೆ ಕಟ್ಟಿದ್ದರು. ನಾನು ಮೈ ಕೊಡವಿಕೊಂಡು ಹೊರಗೆ ಬರುವಷ್ಟರಲ್ಲಿ ಮಾವ ಎಮ್ಮೆಯ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು. "ಇದನ್ನೇನು ಮಾರ್ತೀರೇನು?" ಎಂದು ಕೇಳಿದ್ದೂ ಕೇಳಿಸಿತು. ಅವರನ್ನು ಅಲ್ಲಿಂದ ಹೊರಡಿಸಲು ಸಾಕಷ್ಟು ಹೊತ್ತು ಬೇಕಾಯಿತು.

ಆ ಸಂಜೆ ಕೊಟ್ಟೂರಿಗೆ ಬಂದು ಮಾವನ ಪರಿಚಯದ ಕುರಿ ವ್ಯಾಪಾರಿಯ ಜಗಲಿಯಲ್ಲಿ ಮಲಗಿದೆವು. ಬೆಳಿಗ್ಗೆ ಆ ವ್ಯಾಪಾರಿಯೇ ನಮ್ಮನ್ನು ಕೊಟ್ರೇಶನಿಗೆ ತೋರಿಸಿದ. ಕೊಟ್ರೇಶ ಮೂವತ್ತರ ಒಳಗಿನ ಹುಡುಗ. ಕೊಟ್ಟೂರಿಗೂ ಕೋಗಳಿಗೂ ಮಂದಿ ಕೂರಿಸಿಕೊಂಡು ಜೀಪು ಓಡಿಸುತ್ತಿದ್ದ. ಅದನ್ನು ಮಾರಿ ಹಿಟ್ಟಿನ ಗಿರಣಿ ಹಾಕುವ ಯೋಚನೆಯಲ್ಲಿದ್ದ. ಜೀಪಿನ ಬಣ್ಣ ಯಾವುದೆಂದು ಹೇಳಲು ಬರುವಂತಿರಲಿಲ್ಲ, ಸೀಟಿನ ಹೊಟ್ಟೆ ಹರಿದು ನಾರು ಹೊರಬಿದ್ದಿತ್ತು. ಕೆಳಗೆ ಮಲಗಿ ನೋಡಿದೆ. ರಾಡು ಇತ್ತು.

"ಓಡಿಸಿ ನೋಡಬೇಕಲ್ಲಪಾ," ಎಂದೆ.

"ಬರ್ರಿ, ಒಂದ್ ರೌಂಡ್ ಹೊಡಿಯೂಣು," ಎಂದು ಅವನು ಇಂಜಿನ್ ಶುರು ಮಾಡಿದ.

ಅಷ್ಟೇ. ಎಲ್ಲೆಲ್ಲಿ ಕುಳಿತಿದ್ದರೋ ಅಲ್ಲಿಂದ ಮಂದಿ ಎದ್ದು ಬಂದು ಹತ್ತತೊಡಗಿದರು. ಬದನೆಕಾಯಿ ಬುಟ್ಟಿಯ ಮುದುಕಿಯೊಬ್ಬಳು ಅರ್ಧ ಸೀಟಿನ ಮೇಲೆ, ಅರ್ಧ ನನ್ನ ಮೇಲೆ ಕುಳಿತಳು. ಎರಡು ಕುರಿಗಳೂ ಬಂದವು. "ಇದು ಟ್ರಯಲ್ಲು, ಸರ್ವೀಸ್ ಅಲ್ಲ," ಎಂದು ನಾನು ಹೇಳಿದೆ. ಯಾರೂ ಇಳಿಯಲಿಲ್ಲ.

"ಗಾಡಿ ಚಾಲೂ ಆತಂದ್ರ ಹತ್ತತಾರ್ರಿ," ಎಂದ ಕೊಟ್ರೇಶ. "ಇಳೀರಿ ಅಂದ್ರ ನಾಳಿ ನಮ್ಮವ್ವಗ ಹೇಳ್ತಾರ."

ಹೀಗೆ ನಮ್ಮ ಪರೀಕ್ಷೆ ಕೋಗಳಿಯ ದಾರಿ ಹಿಡಿಯಿತು. ಮುದುಕಿಯ ಹೆಸರು ಗಂಗಮ್ಮ. ಅವಳು ನನ್ನನ್ನು ವಿಚಾರಿಸಿಕೊಂಡಳು.

"ತಗೊಳಾಕ ಬಂದೀಯೇನು ತಮ್ಮಾ?"

"ಹೂಂ ಬೇ. ಗಾಡಿ ಹೆಂಗೈತಿ?"

"ಗಾಡಿ ಚಲೋ ಐತಿ. ನಿನಗ ಇನ್ನೊಂದು ಸೊಂಟ ಐತೇನು?"

ಅರ್ಧ ದಾರಿಯಲ್ಲಿ ಒಂದು ಹಳ್ಳ. ನೀರಿರಲಿಲ್ಲ, ಮರಳು ಆಳವಾಗಿತ್ತು, ಆಚೆ ದಂಡೆ ಕಡಿದಾಗಿತ್ತು. ನಾನು ಕಾಯುತ್ತಿದ್ದದ್ದು ಇದಕ್ಕೇ. ಆದರೆ ಜೀಪು ಮರಳಿಗಿಳಿದು ನಿಧಾನವಾದದ್ದೇ ತಡ, ಯಾರೂ ಹೇಳದೆ ಎಲ್ಲರೂ ಧುಮುಕಿದರು. ಕುರಿಗಳನ್ನೂ ಇಳಿಸಿದರು. ಗಂಡಸರು ಹಿಂದೆ ಹೆಗಲು ಕೊಟ್ಟು "ಹೋ" ಎಂದು ನೂಕಿ, ಜೀಪನ್ನು ದಂಡೆಯ ಮೇಲೆ ತಂದಿಟ್ಟರು. ಎಲ್ಲರಿಗಿಂತ ಮುಂದಾಗಿ ನೂಕುತ್ತಿದ್ದವರು ನನ್ನ ಮಾವ.

ಈ ಕಡೆ ಬಂಡಿ ದಂಡೆ ಏರುವಾಗ ಕುಳಿತವರು ಇಳಿಯುತ್ತಾರೆ. ಎತ್ತುಗಳು ಎಳೆಯುವುದನ್ನು ನೋಡುತ್ತ ಮೇಲೆ ಕುಳಿತವನನ್ನು ಯಾರೂ ಮನುಷ್ಯನೆಂದು ಎಣಿಸುವುದಿಲ್ಲ. ಎತ್ತು ಹೋಗಿ ಇಂಜಿನ್ ಬಂದರೂ ಇಳಿಯುವ ಕಾಲು ಹಾಗೇ ಇದೆ. ಇದು ಒಳ್ಳೆಯ ಗುಣವೇ. ಆದರೆ ಈ ಗುಣದಿಂದಾಗಿ ಜೀಪು ತಾನಾಗಿ ಹತ್ತುತ್ತದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ, ಮತ್ತು ನಮ್ಮ ಹಳ್ಳದಲ್ಲಿ ಇಷ್ಟು ಮಂದಿ ಸಿಗುವುದಿಲ್ಲ.

"ಕೊಟ್ರೇಶಾ, ಹಿಂದಕ್ಕ ಇಳಿಸು. ಇನ್ನೊಮ್ಮೆ ಹತ್ತಿಸೂಣು. ಯಾರೂ ನೂಕಬ್ಯಾಡ್ರಿ," ಎಂದೆ.

"ಹಿಂದಕ್ಕ ಇಳಸ್ತೀರಾ? ನೂಕಿದ್ದು ಯಾರು, ನಿಮ್ಮಪ್ಪನಾ?" ಎಂದು ಒಬ್ಬ ರೇಗಿದ.

ಮಾವ ಅವರ ಕಡೆ ಸೇರಿದರು. "ಲೇ, ದಂಡಿ ಏರೂದು ನೋಡ್ಕೋತ ನಿಂದ್ರೂದಂದ್ರ ಏನು? ಕರುಳು ಇಲ್ಲೇನು ನಿನಗ?"

"ಮಾವಾ, ನಿಮ್ಮ ಮಗಳು ಬೇರೆ ಮನಿ ಮಾಡ್ತಾಳ."

ಮಾವ ಹೆಗಲ ಟವೆಲ್ ತೆಗೆದು ತಮ್ಮ ಎರಡೂ ಕೈಗೆ ಸುತ್ತಿಕೊಂಡು ದೂರ ನಿಂತರು.

ಜೀಪನ್ನು ಮತ್ತೆ ಮರಳಿಗೆ ಇಳಿಸಿದೆವು. ಕೊಟ್ರೇಶನ ಪಕ್ಕದಲ್ಲಿ ನಾನು ಕುಳಿತೆ. ಹಿಂದಿನ ಗಾಲಿಗಳು ಮರಳು ಚಿಮ್ಮಿಸಿ ಸುತ್ತಿ, ಹೂತು ನಿಂತವು. ದಂಡೆಯ ಮೇಲಿನ ಮಂದಿ ನೂಕಲಾಗದೆ ಚಡಪಡಿಸುತ್ತಿದ್ದರು.

"ಸಣ್ಣ ಗೇರು ಹಾಕಪಾ," ಎಂದೆ.

ಕೊಟ್ರೇಶ ನನ್ನನ್ನು ನೋಡಲಿಲ್ಲ, ಮಂದಿಯನ್ನು ನೋಡಿದ. "ಈಗ ಬ್ಯಾಡ್ರಿ," ಎಂದು ಪಿಸುಗುಟ್ಟಿದ. "ಇವ್ರೆಲ್ಲ ಇಲ್ದಾಗ ತೋರಸ್ತೀನಿ."

ಗೇರು ಕೆಟ್ಟಿದೆ ಎಂದುಕೊಂಡು ನಾನೇ ಕೈ ಹಾಕಿ ಎಳೆದೆ. ಮೊದಲು ಬಗ್ಗಲಿಲ್ಲ. ಎರಡೂ ಕೈಯಿಂದ ಎಳೆದಾಗ ಖಟ್ಟೆಂದು ಬಿತ್ತು. ಬೇರೆ ದಾರಿ ಕಾಣದೆ ಕೊಟ್ರೇಶ ಕ್ಲಚ್ ಬಿಟ್ಟ. ಮೇಯ್ದು ಬಂದ ಎಮ್ಮೆ ಕೊಟ್ಟಿಗೆಯ ಮೆಟ್ಟಿಲು ಹತ್ತುವಂತೆ ಜೀಪು ಮರಳಿನಿಂದ ಎದ್ದು, ಅವಸರವಿಲ್ಲದೆ ದಂಡೆ ಏರಿ ನಿಂತಿತು.

ಮೊದಲು ಕೂಗಿದ್ದು ಒಂದು ಕುರಿ. ಆಮೇಲೆ ಗಂಗಮ್ಮ ಹತ್ತಿರ ಬಂದಳು.

"ಕೊಟ್ರೇಶಾ, ಈ ಗೇರು ಯಾವಾಗ ಹಾಕ್ಸಿದ್ಯೋ?"

"ಮೊದ್ಲಿಂದಾನ ಐತಬೇ."

"ಮೊದ್ಲಿಂದ ಅಂದ್ರ? ನನ್ನ ಮೊಮ್ಮಗನ ತೊಟ್ಲಕ್ಕ ಹೋದಾಗೂ ಇತ್ತೇನು? ರೇಷ್ಮಿ ಸೀರ್ಯಾಗ ನೂಕಿದೆನಲ್ಲೋ!"

"ಅದು ಡೀಸಲ್ ಭಾಳ ಕುಡೀತೈತಿ..."

"ಮತ್ತ ನಾವು ಕುಡಿಯಂಗಿಲ್ಲಂತ ನಮ್ಮನ್ನ ಹೂಡಿದ್ಯಾ, ಬಾಡ್ಯಾ?"

ಆಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡಿದರು. ಒಬ್ಬ ಅಂಗಿ ಸರಿಸಿ ಹೆಗಲು ತೋರಿಸಿದ. ಇನ್ನೊಬ್ಬ ಇಷ್ಟು ವರ್ಷದ ಚಾರ್ಜು ವಾಪಸ್ ಕೇಳಿದ. "ನಾ ಎಂದಾರ ನೂಕ್ರಿ ಅಂದೀನೇನು? ನೀವಾ ಇಳೀತಿದ್ರಿ!" ಎಂದು ಕೊಟ್ರೇಶ ಅಳುವಂತಾದ. ಅದು ನಿಜ. ಅವನು ನೂಕಿರಿ ಎಂದದ್ದನ್ನು ನಾನು ಕೇಳಿಲ್ಲ, ಹಾಗೆಂದು ಅಲ್ಲಿ ಹೇಳಿಯೂ ಬಿಟ್ಟೆ. ಅದರಿಂದ ನನಗೂ ಬೈಗುಳ ಸಿಕ್ಕಿತು. ಅವರೆಲ್ಲ ಆ ಗಾಡಿ ಹತ್ತುವುದಿಲ್ಲವೆಂದು ಕೋಗಳಿಗೆ ನಡೆದೇ ಹೊರಟರು. ಗಂಗಮ್ಮ ಸ್ವಲ್ಪ ದೂರ ನಡೆದು, ಬುಟ್ಟಿಯೊಂದಿಗೆ ವಾಪಸು ಬಂದು ಮುಂದಿನ ಸೀಟಿನಲ್ಲಿ ಕುಳಿತಳು. ಕೋಗಳಿಯ ಬಸದಿಯ ಹತ್ತಿರ ಇಳಿಯುವಾಗ ಚಾರ್ಜು ಕೊಡಲಿಲ್ಲ, ಅವನೂ ಕೇಳಲಿಲ್ಲ.

"ಇವತ್ತ ತಗೊಂಡು ಹೋಗಿಬಿಡ್ರಿ," ಎಂದ ಕೊಟ್ರೇಶ. "ನಾಳಿ ಈ ದಾರ್ಯಾಗ ಗಾಡಿನೂ ಕಾಣಬಾರ್ದು, ನಾನೂ ಕಾಣಬಾರ್ದು."

ಕೊಟ್ಟೂರಿಗೆ ಮರಳಿದ ಮೇಲೆ ಮಾವ ಎತ್ತಿನ ವ್ಯಾಪಾರದ ಕ್ರಮದಂತೆ ಟವೆಲ್ಲಿನ ಕೆಳಗೆ ಅವನ ಕೈ ಹಿಡಿದು, ಬೆರಳು ಒತ್ತಿ ದರ ಹೇಳಿದರು. ಕೊಟ್ರೇಶನಿಗೆ ಆ ಲೆಕ್ಕ ಗೊತ್ತಿರಲಿಲ್ಲ. "ಕೈ ಬಿಡ್ರಿ ಯಜಮಾನ್ರ, ನೋಯ್ತೈತಿ," ಎಂದ. ಕೊನೆಗೆ ಬಾಯಿಯಲ್ಲೇ ಮಾತಾಡಿ ಮುಗಿಸಿದೆವು.

ಟ್ರ್ಯಾಕ್ಟರ್ ಓಡಿಸಿದ ಅನುಭವದ ಮೇಲೆ ನಾನೇ ಜೀಪನ್ನು ಹರಪನಹಳ್ಳಿಗೆ ತಂದೆ. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಶಾಲೆ ಬಿಡುವವರೆಗೆ ಮಂಡಕ್ಕಿ ತಿಂದು ಕಾದೆವು. ನಾಗವೇಣಿ ಹೊರಗೆ ಬಂದು ಜೀಪನ್ನು ನೋಡಿದಳು, ಹರಿದ ಸೀಟನ್ನು ನೋಡಿದಳು.

"ಇದು ದಾಟತೈತೇನು?"

"ಕೋಗಳಿ ಮಂದೀನ ಕೇಳು," ಎಂದರು ಮಾವ.

ಅವಳು ಬೇರೆ ಏನೂ ಕೇಳದೆ ಕುಳಿತಳು. ದಾರಿಯಲ್ಲಿ ಮಳೆ ಹಿಡಿಯಿತು. ನಮ್ಮ ಹಳ್ಳಕ್ಕೆ ಬರುವಾಗ ಮಳೆ ನಿಂತಿತ್ತು, ಕದಡಿದ ನೀರು ಮೊಣಕಾಲುದ್ದಕ್ಕೂ ಕಡಿಮೆ ಹರಿಯುತ್ತಿತ್ತು. ಮಾವ ಒಂದು ಕಾಲು ಹೊರಗಿಟ್ಟರು. "ಅಪ್ಪಾ, ಕುಂದ್ರು," ಎಂದಳು. ಅವರು ಕುಳಿತರು, ಆದರೆ ಮೇಲಿನ ಕಂಬಿ ಹಿಡಿದು, ಸೀಟಿಗೆ ಭಾರ ಬೀಳದಂತೆ ಜೋತುಬಿದ್ದಿದ್ದರು. ನಾನು ಸಣ್ಣ ಗೇರು ಎಳೆದೆ. ನೀರು ದಾಟಿ, ಕೆಸರು ದಾಟಿ, ದಂಡೆ ಏರಿ ನಿಂತೆವು. ಮಾವ ಕೆಳಗೆ ಹಾರಿ ಬಾನೆಟ್ಟು ತಟ್ಟಿ, ಹೊಲಮನೆಯ ಕಡೆ ಹೊರಟರು.

"ತಿರುಗಸ್ರಿ," ಎಂದಳು ನಾಗವೇಣಿ.

ಅವಳು ಎದುರಿಗೇ ನೋಡುತ್ತಿದ್ದಳು. "ಹರಪನಹಳ್ಳ್ಯಾಗ ಸೋಮವಾರನ ಖೋಲಿ ಹಿಡದೀನಿ. ಕಲಾಯಿಗೆ ಕೊಟ್ಟೀನಿ ಅಂದ ಪಾತ್ರಿ, ಹೊಲಿಯಾಕ ಕೊಟ್ಟೀನಿ ಅಂದ ಕೌದಿ, ಎಲ್ಲಾ ಅಲ್ಲೇ ಅದಾವ. ಹಳ್ಳ ಏರೂದ್ರೊಳಗ ಮನಿಗೆ ತಂದುಬಿಡೂಣು."

"ಅಲ್ಲೇ ಇದ್ದಾಗ ಹೇಳಬಾರದಾಗಿತ್ತೇನು?"

"ದಾಟೂದು ನೋಡಬೇಕಾಗಿತ್ತು."

ನಾನು ಜೀಪು ತಿರುಗಿಸಿ ಮತ್ತೆ ನೀರಿಗಿಳಿಸಿದೆ. ಸದ್ದು ಕೇಳಿ ಮಾವ ಓಡಿ ಬಂದರು. ಮಗಳು ಬಿಟ್ಟು ಹೊರಟಳೆಂದೇ ತಿಳಿದಿರಬೇಕು. ಕನ್ನಡಿಯಲ್ಲಿ ನೋಡಿದೆ. ದಂಡೆಯ ಮೇಲೆ ತಲೆಗೆ ಎರಡೂ ಕೈ ಹೊತ್ತು ಕೂಗುತ್ತಿದ್ದರು: "ನಾಗೂ, ಏನಂದ ಅವ? ನಾ ಕೇಳ್ತೀನಿ ತಡಿ, ಏನಂದ?"

"ನಿಲ್ಲಿಸಿ ಹೇಳ್ಲಾ?" ಎಂದೆ.

"ಹಳ್ಳದ ನಡುವ ಅದೀವಿ, ನಡೀರಿ," ಎಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.