ಮಾವನ ಬೈಕು, ಷಡ್ಡಕನ ಕೈ

ಮನುಷ್ಯನಿಗೂ ಎಂಜಿನ್ನಿಗೂ ಒಂದು ಹೋಲಿಕೆಯಿದೆ. ಎರಡೂ ಓಡುವುದು ಹೊಟ್ಟೆಯೊಳಗಿನ ಕಿಚ್ಚಿನಿಂದ. ಹೊಗೆ ಬಿಡಲು ಎಂಜಿನ್ನಿಗೆ ಸೈಲೆನ್ಸರ್ ಇರುತ್ತದೆ. ನಮ್ಮ ಮೆಕ್ಯಾನಿಕ್ಕಿಗೆ ಹೆಂಡತಿ ಇದ್ದಳು.

ಮೂರು ಬೈಕು ನಿಲ್ಲಿಸಿದರೆ ನಾಲ್ಕನೆಯದು ಫುಟ್‌ಪಾತಿಗೆ ಬರುವಷ್ಟು ಅಗಲದ ಗ್ಯಾರೇಜು ಅವನದು. ಮದುವೆಯ ಫೋಟೋದಲ್ಲೂ ಅವನ ಉಗುರಿನ ಅಂಚಿನ ಕಪ್ಪು ಕಾಣುತ್ತದೆ. ಮಾತು ಕಡಿಮೆ, ಕೆಲಸ ಚೊಕ್ಕ. ಅತ್ತೆಮನೆಯಲ್ಲಿ ಹಿರಿಯಳಿಯನ ಪದವಿ ತನಗೆ ಕಾಯಂ ಎಂದೇ ನಂಬಿದ್ದ, ನಾದಿನಿಗೆ ಮದುವೆಯಾಗಿ ಬಿಡಿಭಾಗಗಳ ಅಂಗಡಿಯವನೊಬ್ಬ ಷಡ್ಡಕನಾಗಿ ಬರುವ ತನಕ.

ಷಡ್ಡಕ ನಗೆಮೊಗದವನು. ಮಾವನ ಜೋಕಿಗೆ ಮಾವನಿಗಿಂತ ಮೊದಲೇ ನಗುತ್ತಿದ್ದ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅತ್ತೆಯ ಜೊತೆ ಗಂಟೆಗಟ್ಟಲೆ ಹರಟುತ್ತಿದ್ದ. ಇದನ್ನೆಲ್ಲ ಮೆಕ್ಯಾನಿಕ್ ಹಲ್ಲುಕಚ್ಚಿ ಸಹಿಸಿಕೊಂಡಿದ್ದ. ಏನಾದರೇನು, ಮಾವನ ಬೈಕು ತನ್ನ ಕೈಯಲ್ಲಿದೆಯಲ್ಲ.

ಆ ಬೈಕು ಅವನ ಹೆಂಡತಿಗಿಂತ ಹಳೆಯದು. ಗುಜರಿಗೆ ಹೋಗಬೇಕಿದ್ದದ್ದನ್ನು ಅವನೇ ಬಿಚ್ಚಿ, ಸಿಲಿಂಡರ್ ಕೊರೆಸಿ, ದೊಡ್ಡ ಕಾರ್ಬ್ಯುರೇಟರ್ ಕೂರಿಸಿ, ಹಳೆಯ ಸೈಲೆನ್ಸರಿನ ಜಾಗದಲ್ಲಿ ಗಿಡ್ಡನೆಯ ನೇರ ಪೈಪು ಬೆಸೆದು ಮತ್ತೆ ಹುಟ್ಟಿಸಿದ್ದ. ಮಾವ ತಿರುವಿಗೆ ಬಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. "ನನ್ನ ದೊಡ್ಡಳಿಯ ಮಾಡಿದ್ದು" ಎಂದು ಅವರು ಕೇಳದವರಿಗೂ ಹೇಳುತ್ತಿದ್ದರು.

ಅಂಥ ಬೈಕು ಕೆಟ್ಟಿತು. ಏರು ಬಂದರೆ ಏದುಸಿರು. ಎಂಜಿನ್ ಮೊದಲಿಗಿಂತ ವಿಪರೀತ ಕಾಯುತ್ತಿತ್ತು. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ನೋಡಿದ, ಬರೀ ಮಸಿ. ಪೆಟ್ರೋಲು ಹೆಚ್ಚಾಗಿದೆ ಎಂದು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯಿಸುವ ಜೆಟ್ ತೆಗೆದು ಸಣ್ಣದನ್ನು ಹಾಕಿದ. ವಾರ ಬಿಟ್ಟು ಬಿಚ್ಚಿದರೆ ಒಳಗೆ ದೊಡ್ಡ ಜೆಟ್, ಹೊಳೆಯುವ ಹೊಸದು. ತನ್ನ ಮಂಚದಲ್ಲಿ ಯಾರದೋ ದಿಂಬು ಕಂಡವನ ಹಾಗೆ ಅದನ್ನೇ ನೋಡುತ್ತ ಕುಳಿತ.

"ಬೈಕು ಯಾರ ಕೈಗೆ ಕೊಟ್ಟಿದ್ರಿ ಮಾವ?"

"ಹೊರಗಿನವರಿಗೆ ಯಾರಿಗೂ ಇಲ್ಲಪ್ಪ. ನಮ್ಮ ಚಿಕ್ಕಳಿಯನೇ ನೋಡಿದ. ಇಷ್ಟು ಬಿಸಿಯಾಗ್ತಿದೆ ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂದ."

ಇವನು ಮತ್ತೆ ಸಣ್ಣದು ಹಾಕಿದ. ಅವನು ಮತ್ತೆ ದೊಡ್ಡದು ಹಾಕಿದ. ಮನೆಯಲ್ಲಿ ಊಟದ ತಟ್ಟೆಯ ಮುಂದೆಯೂ ಅದೇ ಮಾತು.

"ಅವನು ಹಾಕಿರೋ ಜೆಟ್ ನೋಡ್ಬೇಕು ನೀನು. ಎಮ್ಮೆ ನೀರು ಕುಡಿಯೋ ಬಾನಿ ಇದ್ದಂಗಿದೆ."

"ಅವರನ್ನ ಮದುವೆ ಆಗಿರೋದು ನನ್ನ ತಂಗಿ," ಎಂದಳು ಹೆಂಡತಿ. "ಧ್ಯಾನ ಮಾತ್ರ ನಿಮಗೆ."

ಕೊನೆಗೆ ಮಾವನಿಗೇ ಬೇಸರವಾಯಿತು. ರಜೆಯ ದಿನ ಇಬ್ಬರನ್ನೂ ಅಂಗಳಕ್ಕೆ ಕರೆಸಿ, "ಇವತ್ತು ಯಾರು ಸರಿ ಮಾಡ್ತೀರೋ, ಇನ್ಮೇಲೆ ಬೈಕು ಅವರ ಜವಾಬ್ದಾರಿ. ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ" ಎಂದು ಕುರ್ಚಿ ಹಾಕಿಕೊಂಡು ಕುಳಿತರು.

ಮೆಕ್ಯಾನಿಕ್ ಈ ಸಲ ಕಾರ್ಬ್ಯುರೇಟರ್ ಮುಟ್ಟಲಿಲ್ಲ. ಎಂಜಿನ್ ಚಾಲೂ ಮಾಡಿ, ಹಿಂದೆ ಹೋಗಿ, ಪೈಪಿನ ಬಾಯಿಗೆ ಅಂಗೈ ಹಿಡಿದ. ಕೈಯನ್ನು ದೂಡಬೇಕಿದ್ದ ಗಾಳಿ, ಬಿಸಿ ಕಾಫಿ ಊದಿದಷ್ಟೇ ಬರುತ್ತಿತ್ತು. ಸದ್ದು ಮೆತ್ತಗಾಗಿದ್ದು ಅವನ ಕಿವಿಗೆ ಬಿದ್ದಿತ್ತು. ಶಕ್ತಿ ಕುಂದಿದ್ದಕ್ಕೆ ಇರಬೇಕೆಂದುಕೊಂಡಿದ್ದ. ಷಡ್ಡಕನ ಜೆಟ್ಟಿನ ಮೇಲಿನ ಸಿಟ್ಟಿನಲ್ಲಿ ಬೈಕಿನ ಹಿಂಬದಿಗೆ ಬಂದೇ ಇರಲಿಲ್ಲ. ಎಂಜಿನ್ ಆರಿಸಿ, ತಂತಿಯ ತುದಿ ಬಗ್ಗಿಸಿ ಒಳಗೆ ತೂರಿಸಿ ಎಳೆದ. ಮಸಿ, ಎಣ್ಣೆ ಮೆತ್ತಿ ಗಟ್ಟಿಯಾದ ಉಂಡೆಯೊಂದು ಹೊರಬಂತು.

"ಇದು ಪಾತ್ರೆ ಉಜ್ಜೋ ಸ್ಟೀಲ್ ನಾರಲ್ವೇನಪ್ಪ?" ಎಂದರು ಮಾವ.

ಷಡ್ಡಕನ ಮುಖದ ನಗು ಇಳಿಯಿತು. "ಸದ್ದು ಕಮ್ಮಿ ಆಗ್ಲಿ ಅಂತ ನಾನೇ ತುರುಕಿದ್ದು ಅಣ್ಣ. ಹಿಂಗೆ ಕಟ್ಕೊಳ್ಳುತ್ತೆ ಅಂತ ಗೊತ್ತಿರ್ಲಿಲ್ಲ."

ಇಷ್ಟು ದಿನ ಕಾದಿದ್ದ ಗಳಿಗೆ. ಆಡಬೇಕಾದ ಮಾತುಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಬಾಗಿಲಿಗೆ ಅತ್ತೆ ಬಂದರು.

"ಅವರನ್ನ ಏನೂ ಅನ್ಬೇಡಿ. ನಾನೇ ಹೇಳಿ ಮಾಡಿಸಿದ್ದು. ಆ ಸದ್ದು ಕೇಳಿದ್ರೆ ನನ್ನ ತಲೆ ಸಿಡಿದು ಹೋಗುತ್ತೆ."

"ನನಗೆ ಹೇಳ್ಬಹುದಿತ್ತಲ್ಲ ಅತ್ತೆ."

"ನಿಮಗೆ ಹೇಗೆ ಹೇಳೋದು? ಅಷ್ಟು ಆಸೆಪಟ್ಟು ಮಾಡಿದ್ರಿ. ಇವರಾದ್ರೆ ಏನು ಹೇಳಿದ್ರೂ ಬೇಜಾರು ಮಾಡ್ಕೊಳ್ಳಲ್ಲ."

ಮಾವ ಬೆನ್ನು ತಟ್ಟಿ, "ಬೈಕು ನಿನ್ನದೇ ಕಣಯ್ಯ" ಎಂದರು. ಗೆದ್ದವನಿಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ. ಷಡ್ಡಕ ಜೆಟ್ ಬದಲಿಸಿದಾಗಲೂ ಅವನ ಹೊಟ್ಟೆ ಇಷ್ಟು ಉರಿದಿರಲಿಲ್ಲ. ಅತ್ತೆ ತಲೆನೋವು ತಡೆದುಕೊಂಡು ತಡೆದುಕೊಂಡು, ಕೊನೆಗೆ ಹೇಳಿಕೊಂಡದ್ದು ಆ ನಗೆಮೊಗದವನ ಹತ್ತಿರ.

ಆ ನೇರ ಪೈಪನ್ನು ಬಿಚ್ಚಿ ಗ್ಯಾರೇಜಿಗೆ ಒಯ್ದ. ತೂತು ಕೊರೆದ ಕೊಳವೆಗೆ ಸದ್ದು ಹೀರುವ ಗಾಜಿನ ಉಣ್ಣೆ ಸುತ್ತಿ, ಹೊರಗೊಂದು ದಪ್ಪ ಕವಚ ಮಾಡಿ, ಉಸಿರು ಕಟ್ಟದಂತೆ ಅಳೆದು ಬೆಸೆದ. ಅದಕ್ಕೆ ಹೊಂದುವ ಜೆಟ್ ಕೂರಿಸಿದ. ತಾನೇ ಮಾತು ಕಲಿಸಿದ ಕೂಸಿಗೆ ತಾನೇ ಪಿಸುಗುಡಲು ಕಲಿಸಿದ ಹಾಗಾಯಿತು. ಬೈಕು ಏರನ್ನು ಸರಾಗವಾಗಿ ಹತ್ತಿತು. ಸದ್ದು ಮಾತ್ರ ಪಕ್ಕದ ಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಷ್ಟೇ.

ಮಾವನ ಮುಖ ಸಪ್ಪಗಾಯಿತು. "ಚೆನ್ನಾಗೇನೋ ಓಡುತ್ತೆ. ಆದ್ರೆ ನಾನು ಬರ್ತಿರೋದು ಯಾರಿಗೂ ಗೊತ್ತೇ ಆಗಲ್ವಲ್ಲಪ್ಪ."

ಮೆಕ್ಯಾನಿಕ್ ಅವರತ್ತ ನೋಡಲಿಲ್ಲ. ಬಾಗಿಲತ್ತ ನೋಡುತ್ತಿದ್ದ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕಿವಿಗೊಟ್ಟು ಕೇಳಿದರು. ಹಣೆಯ ನೆರಿಗೆ ಸಡಿಲವಾಯಿತು.

"ತಲೆ ಎಷ್ಟು ಹಗುರ ಆಯ್ತು ನೋಡಿ," ಎಂದರು. "ಇದನ್ನ ನಮ್ಮ ಚಿಕ್ಕಳಿಯಂದ್ರಿಗೂ ಸ್ವಲ್ಪ ಹೇಳಿಕೊಟ್ಬಿಡಿ. ನಿಮಗೆ ಯಾಕೆ ಪ್ರತಿ ಸಲ ತೊಂದರೆ."

ಬೆಸುಗೆ ಬಲ್ಲ ಯಾರಿಗಾದರೂ ಅರ್ಧ ಗಂಟೆಯಲ್ಲಿ ಕಲಿಸಬಹುದಾದ ಕೆಲಸ ಅದು.

"ಅದು ಹೇಳಿಕೊಟ್ರೆ ಬರೋದಲ್ಲ ಅತ್ತೆ," ಎಂದ ಮೆಕ್ಯಾನಿಕ್. "ಏನೇ ಇದ್ರೂ ನನಗೇ ಹೇಳಿ."